ಏಳು ನಕಲಿ ವಾಚು

ನನ್ನ ಹತ್ತಿರ ಒಂದು ಕಾಲಕ್ಕೆ ಏಳು ವಾಚುಗಳಿದ್ದವು. ವಾರಕ್ಕೆ ಏಳು ದಿನ, ದಿನಕ್ಕೊಂದು. ಏಳರ ಡಯಲ್ ಮೇಲೂ ಫಾರಿನ್ ಹೆಸರು, ಏಳೂ ಸುಳ್ಳು. ಒಂದಕ್ಕೆ ನಕ್ಷತ್ರದ ಗುರುತು, ಇನ್ನೊಂದಕ್ಕೆ ಹಡಗಿನದು. ಶುಕ್ರವಾರದ್ದರ ಮೇಲಿದ್ದದ್ದು ಯಾವ ದೇಶದ ಅಕ್ಷರವೋ, ನನಗೆ ಕೊನೆಯವರೆಗೂ ಓದಲಾಗಲಿಲ್ಲ. ಎಪ್ಪತ್ತರ ದಶಕದಲ್ಲಿ, ದೇವದುರ್ಗದಂಥ ಊರಲ್ಲಿ, ತಾಲೂಕು ಕಚೇರಿಯ ಗುಮಾಸ್ತನೊಬ್ಬ ಏಳು ವಾಚು ಇಟ್ಟುಕೊಂಡಿದ್ದಾನೆಂದರೆ ಜನ ಅವನನ್ನು ಲಂಚಕೋರ ಎನ್ನಬೇಕು, ಇಲ್ಲವೇ ತಲೆ ಕೆಟ್ಟವನು ಎನ್ನಬೇಕು. ಯಾರೂ ಏನೂ ಅನ್ನಲಿಲ್ಲ. ಏಳಿವೆ ಎಂದು ಎಣಿಸುವಷ್ಟು ಹತ್ತಿರಕ್ಕೆ ಯಾರೂ ಬಂದಿರಲಿಲ್ಲ.

ಚಟ ಶುರುವಾದದ್ದು ರಾಯಚೂರಿನಲ್ಲಿ. ತೀನ್ ಕಂದೀಲ್ ಚೌಕದಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ ವಾಚು ರಿಪೇರಿಯವನೊಬ್ಬ ಕೂರುತ್ತಿದ್ದ. ಅವನು ಒಳಗೆ ಕುಳಿತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು, ಅಷ್ಟೇ ಅಂಗಡಿ. ಒಂದು ಕಣ್ಣಿಗೆ ಗುಂಡು ಗಾಜು ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಲ್ಲಿ ಹೋಗಿಬರುವವರನ್ನು ನೋಡುತ್ತಿದ್ದ. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಹಾಳಾದ ವಾಚುಗಳ ಒಳಗಿನ ಮಷೀನು ತೆಗೆದು ತೊಳೆದು, ಗಿಲೀಟು ಹಾಕಿದ ಹೊಸ ಕೇಸಿನಲ್ಲಿ ಕೂರಿಸಿ, ಬೊಂಬಾಯಿಯಿಂದ ಬಂದ ಫಾರಿನ್ ಹೆಸರಿನ ಡಯಲ್ ಹಾಕುವುದು ಅವನ ಕೆಲಸ. ಅದನ್ನೇನು ಮುಚ್ಚಿಡುತ್ತಿರಲಿಲ್ಲ.

“ನೋಡ್ರಿ ಸಾಬ್, ನಾ ಸುಳ್ಳ ಹೇಳಂಗಿಲ್ಲ. ಹೆಸರು ಒಂದ ನಕಲಿ. ಟೈಮ್ ಮಾತ್ರ ಅಸಲಿ ತೋರಸ್ತದ” ಎಂದ ಮೊದಲ ದಿನವೇ.

ಟೈಮೂ ಅಸಲಿ ಇರಲಿಲ್ಲ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಆದರೆ ಆಗ ದೇಶೀ ವಾಚು ಬೇಕೆಂದರೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ನಿಜವಾದ ಫಾರಿನ್ ವಾಚನ್ನಂತೂ ಕನಸಲ್ಲೂ ಕೇಳುವಂತಿರಲಿಲ್ಲ. ಹೊಸ ನೌಕರಿ, ಕಿಸೆಯಲ್ಲಿ ಮೊದಲ ಪಗಾರ. ಕಟ್ಟಿಕೊಂಡೆ. ಬೀದಿಗೆ ಬಂದು ಅಂಗಿಯ ತೋಳು ಸ್ವಲ್ಪ ಮೇಲೆ ಮಡಿಸಿದೆ. ಅವತ್ತು ದಲ್ಲಾಳಿ ಅಂಗಡಿಗಳ ಗಂಜಿನವರೆಗೆ ನಡೆದೇ ಹೋದೆ, ಕೈಯನ್ನು ಬೇಕೆಂದೇ ಬೀಸುತ್ತ.

ಗಂಜಿನಲ್ಲಿ ನಮ್ಮಪ್ಪ ಹಮಾಲನಾಗಿದ್ದ. ಹತ್ತಿಯ ಅಂಡಿಗೆ, ಶೇಂಗಾ ಚೀಲ ಹೊತ್ತು ಹೊತ್ತು ಬೆನ್ನು ಬಾಗಿ ನಾನು ಕಾಲೇಜು ಮುಗಿಸುವ ಮೊದಲೇ ತೀರಿಕೊಂಡ. ಅವ್ವ ಅವನಿಗಿಂತ ಮೊದಲೇ ಹೋಗಿದ್ದಳು. ಅಪ್ಪನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಗಂಜಿನಲ್ಲಿ ಕೇಳಿದ್ದಿಲ್ಲ. ಮೂರು ದಶಕ ಅವನ ಹೆಸರು ‘ಲೇ’ ಅಂತಲೇ ಇತ್ತು. ಅವನಿಗಿಂತ ಅರ್ಧ ವಯಸ್ಸಿನವರೂ ಹಾಗೇ ಕರೆದರು, ಅವನು ಹಾಗೇ ಓಗೊಟ್ಟ. ನನಗೆ ಇದರ ಬಗ್ಗೆ ಈಗಲೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ದೇವದುರ್ಗದಲ್ಲಿ ನನಗೊಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಕಚೇರಿಯಲ್ಲಿ ನನ್ನ ಮೇಜು ಮೂಲೆಯಲ್ಲಿ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಗುಂಪಾಗಿ ಕೂರುವಾಗ ನಾನು ಖಾನಾವಳಿಗೆ ಹೋಗುತ್ತಿದ್ದೆ. ಬಾ ಎಂದು ಯಾರೂ ಕರೆದಿರಲಿಲ್ಲ, ಕರೆಯದೆ ಹೋಗುವ ಜಾಯಮಾನ ನನ್ನದಲ್ಲ. ಒಂದು ದಿನ ಊರಿನ ದೊಡ್ಡ ಸಾವುಕಾರನೊಬ್ಬ ಪಹಣಿಗೆಂದು ಬಂದ. ಅವನು ಬಂದಾಗಲೆಲ್ಲ “ಲೇ ತಮ್ಮಾ, ಫೈಲ್ ತಗಿಯೋ” ಎನ್ನುತ್ತಿದ್ದ. ಅವತ್ತು ಫೈಲು ತೆಗೆಯಲು ಕೈ ಚಾಚಿದೆ. ತೋಳಿನಿಂದ ವಾಚು ಹೊರಬಂತು. ಸಾವುಕಾರ ಬಗ್ಗಿ ನೋಡಿದ.

“ಫಾರಿನ್ನಿಂದೇನ್ರಿ ಇದು?” ಎಂದ.

‘ಏನ್ರಿ’ ಎಂದ. ಹೂಂ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ, ಸುಮ್ಮನೆ ನಕ್ಕೆ. ಆಮೇಲೆ ಅವನ ಬಾಯಲ್ಲಿ ನನಗೆ ‘ಲೇ’ ಬರಲಿಲ್ಲ. ಗಿಲೀಟು ಮಾಡಿದ ಕೆಲಸ ಅದು. ನನ್ನ ಬಿ.ಎ.ಗೆ ಅದು ಆಗಿರಲಿಲ್ಲ.

ಅಲ್ಲಿಂದ ಹುಚ್ಚು ಹತ್ತಿತು. ಭಾನುವಾರ ಬೆಳಗಿನ ಬಸ್ಸಿಗೆ ರಾಯಚೂರು, ಸಂದಿಯ ಮೆಟ್ಟಿಲ ಮುಂದೆ ಎರಡು ತಾಸು ನಿಲ್ಲುವುದು, ಸಂಜೆ ಬಸ್ಸಿಗೆ ವಾಪಸು. ರಿಪೇರಿಯವನಿಗೂ ನನ್ನಂಥ ಗಿರಾಕಿ ಇನ್ನೊಬ್ಬನಿರಲಿಲ್ಲ. ಹೊಸ ಡಯಲ್ ಬಂದರೆ ನನಗೆಂದು ತೆಗೆದಿಡುತ್ತಿದ್ದ. ಮುಳ್ಳು ಬದಲಿಸುವುದನ್ನು, ಕೇಸಿನ ಬೆನ್ನು ಚಾಕುವಿನ ಮೊನೆಯಲ್ಲಿ ತೆಗೆಯುವುದನ್ನು ಅವನೇ ಕಲಿಸಿದ. ವಾರವಿಡೀ ನಾನು ಕಚೇರಿ ಕೆಲಸ ಬಿಟ್ಟು ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ ಎಂದರೆ ನೀವು ನಂಬಲಿಕ್ಕಿಲ್ಲ. ಅವನೂ ಹೆಚ್ಚು ಮಾತಾಡುತ್ತಿರಲಿಲ್ಲ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿರುತ್ತಿದ್ದ.

ಕೋಣೆಯಲ್ಲಿ ಬೆಳಗಾದರೆ ಮೊದಲ ಕೆಲಸ ಏಳಕ್ಕೂ ಚಾವಿ ಕೊಡುವುದು. ಚಾಪೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಒಂದರ ಟೈಮು ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಸೋಮವಾರದ್ದು ಮುಂದೆ ಓಡುತ್ತಿತ್ತು, ಬುಧವಾರದ್ದು ಬಿಸಿಲಿಗೆ ನಿಲ್ಲುತ್ತಿತ್ತು, ಗುರುವಾರದ್ದು ಮಣಿಕಟ್ಟಿನ ಮೇಲೆ ಹಸಿರು ಬಳೆ ಬರೆಯುತ್ತಿತ್ತು. ಅವುಗಳನ್ನು ಬೈಯುತ್ತ ಒಬ್ಬನೇ ಮಾತಾಡುತ್ತಿದ್ದೆ. ಪಕ್ಕದ ಮನೆಯ ಮುದುಕಿ ಒಮ್ಮೆ ಬಾಗಿಲಲ್ಲಿ ಇಣುಕಿ, “ಯಾರ ಬಂದಾರೋ ಯಪ್ಪಾ, ಮಾತ ಕೇಳಾಕತ್ತದ?” ಎಂದಳು. ಯಾರೂ ಇಲ್ಲ ಎಂದೆ. ಅವತ್ತು ಕಚೇರಿಗೆ ಹೋಗುವ ಮನಸ್ಸೇ ಆಗಲಿಲ್ಲ.

ನನ್ನ ಒಂಟಿತನ ಕಂಡದ್ದು ರಾಯಚೂರಿನಲ್ಲಿದ್ದ ಸೋದರತ್ತೆಗೆ. ಅಪ್ಪನ ಅಕ್ಕ. ಗಿರಣಿಯಲ್ಲಿ ಹತ್ತಿ ಆರಿಸುತ್ತ ನನ್ನನ್ನು ಓದಿಸಿದವಳು. ಅವಳೇ ಮಾನ್ವಿಯಲ್ಲಿ ಹೆಣ್ಣು ನೋಡಿದಳು. ಹುಡುಗಿಯ ತಂದೆ ಶಾಲೆಯೊಂದರಲ್ಲಿ ಜವಾನ, ತಾಯಿ ಇಲ್ಲ, ಹುಡುಗಿ ಮಾಸ್ತರಿಕೆಯ ತರಬೇತಿ ಮುಗಿಸಿ ನೌಕರಿಗೆ ಕಾಯುತ್ತಿದ್ದಳು. ಹೊರಡುವ ದಿನ ಅತ್ತೆ ನನ್ನ ಕೈ ನೋಡಿದಳು.

“ಅದನ್ನ ಬಿಚ್ಚಿಡು. ಹೆಣ್ಣು ನೋಡಾಕ ಹೋಗಾಗ ಬರಿಗೈಲೆ ಹೋಗಬೇಕು.”

ನಮ್ಮ ಮಂದಿಯಲ್ಲಿ ಆಗ ಹಾಗಿತ್ತು. ನೌಕರಿಯ ವರನಿಗೆ ವಾಚು ಕಟ್ಟುವುದು ಹೆಣ್ಣಿನ ತಂದೆ. ನಿಶ್ಚಯದ ಎಲೆ ಅಡಿಕೆ ಬದಲಾಯಿಸುವ ದಿನ, ನಾಲ್ಕು ಜನರ ಮುಂದೆ, ಅಳಿಯನ ಎಡಗೈ ಹಿಡಿದು ತಾನೇ ಕಟ್ಟುತ್ತಾನೆ. ಅಲ್ಲಿಯವರೆಗೆ ವರನ ಕೈ ಖಾಲಿ ಇರಬೇಕು. ವಾಚು ಕಟ್ಟಿಕೊಂಡು ಹೋದರೆ ‘ನಿನ್ನದು ನನಗೆ ಸಾಲದು’ ಎಂದು ಮುಖಕ್ಕೆ ಹೇಳಿದ ಹಾಗೆ. ಅತ್ತೆ ಹೇಳಿದಂತೆ ಬಿಚ್ಚಿಟ್ಟು ಹೋದೆ.

ಹುಡುಗಿ ಚುರುಮುರಿ, ಮಿರ್ಚಿ ತಂದಿಟ್ಟಳು. ಹಿರಿಯರು ಎದ್ದು ಹೊರಗೆ ಹೋದಾಗ, “ದೇವದುರ್ಗದಾಗ ಲೈಬ್ರರಿ ಅದ ಏನ್ರಿ?” ಎಂದು ಕೇಳಿದಳು. ಇದೆ ಎಂದೆ. “ನೀವು ಹೋಗ್ತೀರೇನು?” ಎಂದಳು. ಇಲ್ಲ ಎಂದೆ. “ಹಂಗಂದ್ರ ಇನ್ನ ಮ್ಯಾಲ ಹೋಗ್ರಿ, ನಾ ಬಂದಾಗ ದಾರಿ ತೋರಸಾಕ ಬೇಕಲ್ಲ” ಎಂದು ತಲೆ ತಗ್ಗಿಸದೆ ನಕ್ಕಳು. ನನ್ನ ಜೊತೆ ಅಷ್ಟು ಸಲೀಸಾಗಿ ಯಾರೂ ಮಾತಾಡಿರಲಿಲ್ಲ. ಬಸ್ಸಿನಲ್ಲಿ ಅತ್ತೆ “ಹೆಂಗನ್ನಸ್ತು?” ಎಂದಾಗ ಎಲೆ ಅಡಿಕೆಗೆ ದಿನ ಯಾವಾಗ ಎಂದು ಕೇಳಿದೆ. ಮರುದಿನದಿಂದಲೇ ಲೈಬ್ರರಿಗೆ ಹೋಗತೊಡಗಿದೆ. ಚಾಪೆ ಇದ್ದಲ್ಲಿ ಒಂದು ಮಂಚ ಮಾಡಿಸಬೇಕು, ಕಿಟಕಿಗೆ ಪರದೆ ಹಾಕಿಸಬೇಕು ಎಂದೆಲ್ಲ ಲೆಕ್ಕ ಹಾಕಿದೆ. ವಾಚುಗಳಿಗೆ ಚಾವಿ ಕೊಡುವುದು ಎರಡು ದಿನ ಮರೆತೇ ಹೋಗಿತ್ತು.

ಎಲೆ ಅಡಿಕೆಗೆಂದು ಅತ್ತೆ ಹಿಂದಿನ ದಿನವೇ ಮಾನ್ವಿಗೆ ಹೋಗಿದ್ದಳು. ನಾನು ದೇವದುರ್ಗದಿಂದ ಸಿರವಾರಕ್ಕೆ, ಅಲ್ಲಿ ಬಸ್ಸು ಬದಲಿಸಿ ಮಾನ್ವಿಗೆ ಬರಬೇಕು. ಕೈ ಖಾಲಿ ಇಟ್ಟುಕೊಂಡೇ ಹೊರಟೆ. ಆದರೆ ಹಡಗಿನ ಗುರುತಿನ ವಾಚನ್ನು, ಏಳರಲ್ಲಿ ಎಲ್ಲಕ್ಕಿಂತ ಮಿನುಗುವಂಥದ್ದನ್ನು, ಕಿಸೆಯಲ್ಲಿ ಹಾಕಿಕೊಂಡಿದ್ದೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಾಗಿಲಲ್ಲಿ ಸ್ವಲ್ಪ ತಡವಾಯಿತು. ಹಿಂದಿನಿಂದ ಬಿಳಿ ಧೋತರದ ಒಬ್ಬ ನನ್ನ ಹೆಗಲಿಗೆ ಕೈ ಹಾಕಿ ತಳ್ಳಿದ.

“ಸರಿಯೋ ಲೇ, ದಾರಿಗಡ್ಡ ನಿಂತೀ!”

ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ, ಮದುವೆಯ ಮಾತಿಗೆ ಹೊರಟಿದ್ದೆ. ಆದರೂ ಅವನಿಗೆ ನಾನು ‘ಲೇ’. ಬಸ್ಸಿಳಿದು, ಚಹಾದಂಗಡಿಯ ಗೋಡೆಗೆ ತಿರುಗಿ ನಿಂತು, ವಾಚು ತೆಗೆದು ಕೈಗೆ ಬಿಗಿದೆ. ಹಾಗೇ ಹುಡುಗಿಯ ಮನೆಗೆ ನಡೆದೆ. ದಾರಿಯಲ್ಲಿ ಬಿಚ್ಚಬಹುದಿತ್ತು, ಅಂಗಳದಲ್ಲಿ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ.

ಕಂಬಳಿ ಹಾಸಿದ್ದರು. ಹುಡುಗಿಯ ತಂದೆ, ಓಣಿಯ ಇಬ್ಬರು ಹಿರಿಯರು, ನಮ್ಮ ಅತ್ತೆ. ಹರಿವಾಣದಲ್ಲಿ ಎಲೆ, ಅಡಿಕೆ, ಬಟ್ಟೆ, ಕೊಬ್ಬರಿ ಬಟ್ಟಲು. ನಾನು ಕೂತು ತೊಡೆಯ ಮೇಲೆ ಕೈ ಇಟ್ಟ ಕೂಡಲೆ ಎಲ್ಲರ ಕಣ್ಣೂ ಅಲ್ಲಿಗೇ ಬಂತು. ಅತ್ತೆಯ ಮುಖ ಕಪ್ಪಿಟ್ಟಿತು.

“ಯಾವ ಕಂಪನಿದ್ರಿ?” ಎಂದ ಒಬ್ಬ ಹಿರಿಯ.

ಡಯಲ್ ಮೇಲಿನ ಹೆಸರು ಹೇಳಿದೆ. ‘ಫಾರಿನ್‌ದು’ ಎಂದೂ ಸೇರಿಸಿದೆ. ಸಾವುಕಾರನ ಮುಂದೆ ಬರೀ ನಕ್ಕಿದ್ದೆ. ಇಲ್ಲಿ ಬಾಯಿಬಿಟ್ಟು ಸುಳ್ಳು ಹೇಳಿದೆ.

ಹುಡುಗಿಯ ತಂದೆ ಏನೂ ಕೇಳಲಿಲ್ಲ. ಮಾತು ಮಳೆ, ಬೆಳೆ, ನೌಕರಿ ಎಂದು ಎಲ್ಲೆಲ್ಲೋ ಹೋಗುತ್ತಿತ್ತು, ಅವರು ಮಾತ್ರ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು. ಒಮ್ಮೆ ತೊಟ್ಟಿದ್ದ ತೋಳಿಲ್ಲದ ಬಂಡಿಯ ಕಿಸೆಗೆ ಕೈ ಹಾಕಿದರು, ಖಾಲಿ ಕೈಯನ್ನೇ ಹೊರಗೆ ತೆಗೆದರು. ಮತ್ತೆ ಸ್ವಲ್ಪ ಹೊತ್ತಿಗೆ ಹಾಗೇ ಮಾಡಿದರು. ಕೊನೆಗೆ, “ಎರಡ ದಿನ ಇಚಾರ ಮಾಡಿ ತಿಳಸ್ತೀವ್ರಿ” ಎಂದರು. ಹರಿವಾಣ ಇದ್ದಲ್ಲೇ ಉಳಿಯಿತು.

ಬಸ್‌ಸ್ಟ್ಯಾಂಡಿನವರೆಗೂ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸು ಹತ್ತುವಾಗ, “ನಿಮ್ಮಪ್ಪ ಇದ್ದಿದ್ರ ನಿನ್ನ ಕೈ ಮುರೀತಿದ್ದ” ಎಂದಳು. ಎರಡು ವಾರದ ಮೇಲೆ ಅವಳೇ ಸುದ್ದಿ ತಂದಳು. ಹುಡುಗಿಯ ತಂದೆ ಕೈ ಮುಗಿದು ಹೇಳಿ ಕಳಿಸಿದ್ದರು: “ಹುಡುಗ ಅಂಥಾದು ಕಟ್ಟಿಗೊಂಡು ಬಂದಾನಂದ್ರ ಅದಕಿಂತ ಹೆಚ್ಚಿಂದು ಕೇಳಾಕತ್ತಾನ ಅಂತ ಅರ್ಥ. ಅವರ ಸರಿಸಮ ನಿಲ್ಲಾಕ ನಮ್ಮ ಕೈಲೆ ಆಗಂಗಿಲ್ಲ. ಸಿಟ್ಟಾಗಬ್ಯಾಡ್ರಿ.”

ಆ ಒಂದು ಮಾತಿಗೆ ನನ್ನ ಒಂದು ಮಾತು ಸಾಕಿತ್ತು: ಅದು ನಕಲಿ. ಭಾನುವಾರ ಭಾನುವಾರ ಆ ಮಾತು ಹೇಳಿ ಬರಬೇಕೆಂದು ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಸಿರವಾರದ್ದೋ ರಾಯಚೂರಿನದೋ, ಯಾವ ಬಸ್ಸು ಮೊದಲು ಬರುತ್ತದೋ ಅದನ್ನು ಹತ್ತುವುದೆಂದು ನನಗೆ ನಾನೇ ಷರತ್ತು ಹಾಕಿಕೊಳ್ಳುತ್ತಿದ್ದೆ. ರಾಯಚೂರಿನ ಬಸ್ಸು ಯಾವಾಗಲೂ ಮೊದಲು ಬರುತ್ತದೆಂದು ನನಗೆ ಗೊತ್ತಿತ್ತು. ಹೇಡಿಗೆ ಇಂಥ ಲೆಕ್ಕ ಚೆನ್ನಾಗಿ ಬರುತ್ತದೆ. ಹಾಗೆ ಹೋಗಿ ಎಂಟನೆಯದೊಂದು ವಾಚು ಆರಿಸುತ್ತ ನಿಂತಿದ್ದ ದಿನ ರಿಪೇರಿಯವನು ಕಣ್ಣಿನ ಗಾಜು ತೆಗೆದು ನನ್ನನ್ನು ನೋಡಿದ.

“ಕ್ಯಾ ಹುವಾ ಸಾಬ್? ಮಾರಿ ಯಾಕ ಹಿಂಗ ಮಾಡೀರಿ?”

ಎಲ್ಲ ಹೇಳಿದೆ. ಅವನು ನಗಲಿಲ್ಲ. ನನ್ನ ಕೈಯಿಂದ ಹೊಸ ವಾಚನ್ನು ಕಸಿದುಕೊಂಡು ಡಬ್ಬಿಗೆ ಹಾಕಿದ.

“ಇನ್ನೊಂದು ಕೊಡಂಗಿಲ್ಲ. ಮಾನ್ವಿಗಿ ಹೋಗ್ರಿ. ಬೆನ್ನ ಬಿಚ್ಚಿ ಒಳಗಿನ ಮಷೀನ್ ತೋರಸ್ರಿ. ಬಾಯಿಗಿಂತ ಅದನ್ನ ಲಗೂ ನಂಬ್ತಾರ.”

ಮುಂದಿನ ಭಾನುವಾರ ಹೋದೆ. ಹುಡುಗಿಯ ತಂದೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತರು. ನನ್ನ ತಂದೆಯ ವಯಸ್ಸಿನವರು, ನನಗಾಗಿ ಎದ್ದು ನಿಂತರು. ಅವರನ್ನು ಕೂರಿಸಿ, ಅದೇ ಹಡಗಿನ ವಾಚು ಬಿಚ್ಚಿ, ಚಾಕುವಿನ ಮೊನೆಯಿಂದ ಬೆನ್ನು ತೆಗೆದು ಅಂಗೈಯಲ್ಲಿಟ್ಟೆ.

“ಇದು ಡುಪ್ಲಿಕೇಟ್ ರೀ. ಗಿಲೀಟು. ಒಳಗಿಂದು ನಮ್ಮ ದೇಶದ್ದ ಹಳೀ ಮಷೀನು. ರಾಯಚೂರಾಗ ಸಂದ್ಯಾಗ ಮಾಡ್ತಾರ. ನಾ ನಿಮಗ ಸುಳ್ಳ ಹೇಳಿದೆ.”

ಅವರು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಗತೊಡಗಿದರು. ನಗು ಜಾಸ್ತಿಯಾಗಿ ಕಣ್ಣಲ್ಲಿ ನೀರು ಬಂತು. ಟವೆಲಿನಿಂದ ಒರೆಸಿಕೊಂಡರು. “ಅಯ್ಯ ನಿಮ್ಮ! ಇದಕ್ಕ ನಾ ವಾರಗಟ್ಲೆ ನಿದ್ದಿ ಮಾಡಿಲ್ಲಲ್ರಿ!” ಎಂದು ಒಳಗೆ ಹೋಗಿ, ಕರವಸ್ತ್ರದಲ್ಲಿ ಸುತ್ತಿದ ಒಂದು ಗಂಟು ತಂದರು. ಒಳಗೆ ದೇಶೀ ವಾಚು, ಬಿಳಿ ಡಯಲ್, ಕಪ್ಪು ಪಟ್ಟಿ. ಮಗಳಿಗೆ ಸಂಬಂಧ ನೋಡಲು ಶುರು ಮಾಡಿದಾಗಲೇ ಹೆಸರು ಬರೆಸಿ, ಏಳು ತಿಂಗಳು ಕಾದು ತಂದದ್ದಂತೆ. ಅವತ್ತು ಕಿಸೆಯಲ್ಲಿ ಇದ್ದದ್ದು ಅದೇ.

“ಚಾ ಮಾಡವಾ, ಅಳಿಯಾ ಬಂದಾನ!” ಎಂದು ಒಳಗೆ ಕೂಗಿದರು.

ಅಳಿಯ ಎಂದರು. ನಾನು ಹಗ್ಗ ಸರಿಸಿ ಕಟ್ಟೆಯ ಮೇಲೆ ಕೂತೆ.

ಹುಡುಗಿ ಬಂದಳು. ಚಹಾ ತಂದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ಅವತ್ತು ನಾ ಇಲ್ಲೇ ನಿಂತಿದ್ದೆ” ಎಂದಳು. “ನಮ್ಮಪ್ಪ ಎರಡ ಸಲ ಕಿಸೇಕ ಕೈ ಹಾಕಿದ. ಎರಡ ಸಲಾನೂ ತಗದ. ನೀವು ಅದನ್ನ ನೋಡಾಕತ್ತಿದ್ರಿ. ಅವತ್ತ ಯಾಕ ಹೇಳಲಿಲ್ರಿ?”

ತಂದೆ “ಇರಲಿ ಬಿಡವಾ, ಈಗ ಹೇಳಾಕ ಬಂದಾನಲ್ಲ” ಎಂದರು. ಅವಳು ಅವರ ಕಡೆ ನೋಡಲೇ ಇಲ್ಲ.

“ವಾಚ್ ನಕಲಿ ಇದ್ರ ಇರಲಿ. ನನಗ ಅದು ಬ್ಯಾಡ. ಯಾಕ ಸುಮ್ಮ ಕುಂತ್ರಿ, ಅಷ್ಟ ಹೇಳ್ರಿ.”

ಕಾದಳು. ನಿಜಕ್ಕೂ ಕಾದಳು, ಉತ್ತರ ಬಂದರೆ ಕೇಳಬೇಕೆಂದೇ ನಿಂತಿದ್ದಳು. ನಾನು ನೆಲ ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಒಳಗೆ ಹೋದಳು. ತಂದೆ ಅವಳ ಹಿಂದೆ ಹೋಗಿ ಏನೇನೋ ಹೇಳಿದರು. ಹೊರಗೆ ಬಂದಾಗ ಅವರ ಕೈಯಲ್ಲಿ ಕರವಸ್ತ್ರದ ಗಂಟು ಇರಲಿಲ್ಲ. “ಅಕಿ ಮನಸ್ಸಿಲ್ಲದ ನಾ ಏನ ಮಾಡ್ಲಿ ಯಪ್ಪಾ” ಎಂದರು. ನಾನು ನನ್ನ ವಾಚಿನ ಬೆನ್ನು ಮುಚ್ಚಿ, ಕಿಸೆಗೆ ಹಾಕಿಕೊಂಡು ಎದ್ದೆ.

ಆಮೇಲೆ ಅವಳಿಗೆ ಕವಿತಾಳದ ಕಡೆ ಶಾಲೆಯಲ್ಲಿ ನೌಕರಿಯಾಯಿತು, ಮದುವೆಯೂ ಆಯಿತು ಎಂದು ಅತ್ತೆ ಹೇಳಿದಳು. ಅತ್ತೆ ಇರುವವರೆಗೂ ಬೇರೆ ಸಂಬಂಧಗಳನ್ನು ತಂದಳು. ನಾನು ಒಂದಕ್ಕೂ ಒಪ್ಪಲಿಲ್ಲ. ಎಂಬತ್ತರ ದಶಕದಲ್ಲಿ ಮಾನ್ವಿಗೆ ವರ್ಗವಾದಾಗ ಓಡಾಡಿ ರದ್ದು ಮಾಡಿಸಿಕೊಂಡೆ. ಅಷ್ಟರಲ್ಲಿ ಚಾವಿಯಿಲ್ಲದ, ಸೆಲ್ಲಿನ ವಾಚುಗಳು ಬಂದವು. ಫಾರಿನ್ ಹೆಸರಿನವು ತಳ್ಳುಗಾಡಿಯಲ್ಲೂ ಸಿಗತೊಡಗಿದವು. ಯಾರ ಕೈಯಲ್ಲಿ ನೋಡಿದರೂ ನಕಲಿಯೇ. ಸಂದಿಯ ಅಂಗಡಿ ಮುಚ್ಚಿತು, ರಿಪೇರಿಯವನು ಮಗಳ ಊರಿಗೆ ಹೋದನೆಂದು ಪಕ್ಕದವರು ಹೇಳಿದರು. ಹೋಗುವಾಗ ನನಗೆ ಹೇಳಿ ಹೋಗಬೇಕಿತ್ತು ಎಂದು ಅನ್ನಿಸಿತು. ಆದರೆ ನನ್ನ ವಿಳಾಸ ಅವನು ಕೇಳಿದ್ದಿಲ್ಲ, ನಾನು ಕೊಟ್ಟಿದ್ದೂ ಇಲ್ಲ.

ಅವಳ ಪ್ರಶ್ನೆಗೆ ಉತ್ತರ ನನಗೆ ಮುಪ್ಪಿನಲ್ಲಿ ಹೊಳೆಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಹಾಗಲ್ಲ. ಅವತ್ತೇ, ವಾಪಸು ಬರುವಾಗ, ಸಿರವಾರದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗಲೇ ಹೊಳೆದಿತ್ತು. ಆ ಕಂಬಳಿಯ ಮೇಲೆ ಒಬ್ಬ ಹಿರಿಯ ಮನುಷ್ಯ ನನ್ನೆದುರು ಚಿಕ್ಕವನಾಗುತ್ತಿದ್ದ, ಮತ್ತು ನನಗೆ ಅದು ಹಿತವಾಗಿತ್ತು. ಅದಕ್ಕೇ ಸುಮ್ಮನೆ ಕೂತಿದ್ದೆ. ನಾಚಿಕೆಯಿಂದಲ್ಲ, ಹೆದರಿಕೆಯಿಂದಲ್ಲ. ಇಷ್ಟು ಹೇಳಿದ್ದರೆ ಅವಳು ಒಪ್ಪುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಕೇಳುತ್ತಿದ್ದಳು, ಅಷ್ಟಂತೂ ಖಂಡಿತ.

ಅವತ್ತು ಸಿರವಾರದಲ್ಲಿ ಮಾನ್ವಿಗೆ ಹಿಂದಿರುಗುವ ಬಸ್ಸು ಎದುರಿಗೇ ನಿಂತಿತ್ತು, ಅರ್ಧ ಖಾಲಿ. ಕಂಡಕ್ಟರ್ ಕೂಗಿ ಕೂಗಿ ಸಾಕಾಗಿ, ಒಬ್ಬನೇ ನಿಂತಿದ್ದ ನನ್ನ ಕಡೆ ತಿರುಗಿದ.

“ಮಾನ್ವಿಗೇನ್ರಿ? ಬರ್ರಿ, ಸೀಟ್ ಅದ.”

ಇಲ್ಲ ಎಂದೆ.